ಪಾಪದ ಡ್ರೈವರ್ ಮೇಲೆ ಗೂಬೆ ಕೂರಿಸಿದ್ದೆ!

ಆರನೇ ಸೆಮಿಸ್ಟರ್‌ನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್‌ಗೆ ಒಂದು ಮಿನಿ ಪ್ರಾಜೆಕ್ಟ್ ಮಾಡಬೇಕು. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಟ್ರಾಫಿಕ್ ಸಿಗ್ನಲ್, ಉಳಿದರ್ಧ ಜನ ಸೌರಮಂಡಲ. ಸೀನಿಯರ್‌ಗಳಿಂದ ಬಳುವಳಿಯಾಗಿ ಬಂದ ಕೋಡ್‌ಗೆ ಬಣ್ಣ ಬದಲಿಸಿ ಸಲ್ಲಿಸುವುದು ರೂಢಿ. ನನಗೆ ಅದ್ಯಾಕೋ ಈ ಸಲ ಹುಮ್ಮಸ್ಸು ಬಂದು, ನಮ್ಮೂರ ಜಾತ್ರೆಯ ತೇರನ್ನು ಓಪನ್‌ಜಿಎಲ್‌ನಲ್ಲಿ ಎಳೆಯುತ್ತೇನೆ ಎಂದು ಹೊರಟೆ. ಊರಿಗೆ ಹೋಗಿ ತೇರಿನ ಮರದ ಕೆತ್ತನೆಗಳ ಇಪ್ಪತ್ತು ಫೋಟೊಗಳನ್ನು ಮೊಬೈಲ್‌ನಲ್ಲಿ ತೆಗೆದುಕೊಂಡು ಬಂದೆ. ಅವನ್ನು ತೇರಿನ ಮೈಗೆ ಅಂಟಿಸಿದರೆ ಮುಗಿಯಿತು, ಎಕ್ಸ್‌ಟರ್ನಲ್ ಎದುರು ಸೀದಾ ಫುಲ್ ಮಾರ್ಕ್ಸ್ ಎಂಬ ಲೆಕ್ಕಾಚಾರ.

ತೇರು ನಾಲ್ಕು ಹೆಜ್ಜೆ ಉರುಳಿತು. ಸ್ಕ್ರೀನ್ ಕಪ್ಪಾಯಿತು. ಎರಡು ಕ್ಷಣ ಬಿಟ್ಟು ಸ್ಕ್ರೀನ್ ಬಂತು, ತೇರು ಬರಲಿಲ್ಲ!

ಇನ್ನೊಮ್ಮೆ ಓಡಿಸಿದೆ. ಮತ್ತೆ ಅದೇ ಕಥೆ. ಮೂರನೇ ಸಲಕ್ಕೆ ನೀಲಿ ಪರದೆ ಬಂದು ಲ್ಯಾಪ್‌ಟಾಪೇ ರೀಸ್ಟಾರ್ಟ್ ಆಯಿತು. ವಿಂಡೋಸ್‌ನಲ್ಲಿ ಈವೆಂಟ್ ವ್ಯೂಯರ್ ಎಂಬುದೊಂದಿದೆ. ಯಂತ್ರದ ಒಳಗೆ ನಡೆದ ಅವಘಡಗಳನ್ನೆಲ್ಲ ಅದು ಡೈರಿಯಂತೆ ಬರೆದಿಡುತ್ತದೆ. ತೆರೆದು ನೋಡಿದರೆ ಸಾಲು ಸಾಲಾಗಿ 4101 ಎಂಬ ಸಂಖ್ಯೆಯ ನಮೂದುಗಳು. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂದು ಅದರ ಅರ್ಥ. ಅಪರಾಧಿಯ ಹೆಸರನ್ನು ಕಂಪ್ಯೂಟರೇ ಬರೆದುಕೊಟ್ಟ ಮೇಲೆ ಇನ್ನೇನು ಬೇಕು? ತಪ್ಪು ಗ್ರಾಫಿಕ್ಸ್ ಡ್ರೈವರ್‌ನದ್ದು ಎಂದು ಅಂದೇ ತೀರ್ಪು ಕೊಟ್ಟುಬಿಟ್ಟೆ. ಆ ತೀರ್ಪು ಸುಳ್ಳು ಎಂದು ಗೊತ್ತಾಗಲು ಎರಡೂವರೆ ವಾರ ಬೇಕಾಯಿತು. ಡೆಮೊಗೆ ಇದ್ದದ್ದೇ ಮೂರು ವಾರ.

ಡ್ರೈವರ್ ಎಂದರೇನು ಎಂದು ನಮ್ಮ ಮನೆಯಲ್ಲಿ ವಿವರಿಸುವುದು ಸ್ವಲ್ಪ ಕಷ್ಟ, ಯಾಕೆಂದರೆ ಅಪ್ಪ ಲಾರಿ ಡ್ರೈವರ್. ಆಪರೇಟಿಂಗ್ ಸಿಸ್ಟಂಗೂ ಗ್ರಾಫಿಕ್ಸ್ ಚಿಪ್‌ಗೂ ನೇರವಾಗಿ ಮಾತು ಬರುವುದಿಲ್ಲ. ‘ಇಲ್ಲೊಂದು ತ್ರಿಕೋನ ಬರಿ, ಅದಕ್ಕೆ ಈ ಚಿತ್ರ ಅಂಟಿಸು’ ಎಂದು ಪ್ರೋಗ್ರಾಂ ಹೇಳಿದ್ದನ್ನು ಚಿಪ್‌ಗೆ ಅರ್ಥವಾಗುವ ಆಜ್ಞೆಯನ್ನಾಗಿ ಮಾಡಿ ಕೊಡುವ ತಂತ್ರಾಂಶವೇ ಡ್ರೈವರ್. ಅದರ ಮುಖ್ಯ ಭಾಗವೊಂದು ಕರ್ನಲ್‌ನ ಒಳಗೇ ಕೂತಿರುತ್ತದೆ. ನಮ್ಮ ಸಾಧಾರಣ ಪ್ರೋಗ್ರಾಂ ಎಡವಿದರೆ ಅದೊಂದೇ ಬೀಳುತ್ತದೆ. ಕರ್ನಲ್ ಒಳಗಿರುವವರು ಎಡವಿದರೆ ಇಡೀ ಯಂತ್ರ ಬೀಳುತ್ತದೆ. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ಕರ್ನಲ್ ಡ್ರೈವರ್ ಓದಬಾರದ ಮೆಮೊರಿ ಓದಲು ಹೋಗಿ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದ್ದು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನಿಮಗೆ ನೆನಪಿರಬಹುದು.

ಗ್ರಾಫಿಕ್ಸ್ ಡ್ರೈವರ್‌ಗಳಿಗಂತೂ ಈ ಕೆಟ್ಟ ಹೆಸರು ಹಳೆಯದು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ಕುರಿತು ಅಮೆರಿಕದಲ್ಲಿ ಒಂದು ಮೊಕದ್ದಮೆ ನಡೆದಾಗ ಮೈಕ್ರೋಸಾಫ್ಟ್‌ನ ಒಳಗಿನ ಲೆಕ್ಕವೊಂದು ಹೊರಬಿತ್ತು. ಅದರಲ್ಲಿ ದಾಖಲಾಗಿದ್ದ ಕ್ರ್ಯಾಶ್‌ಗಳಲ್ಲಿ ಶೇ 28ಕ್ಕೂ ಹೆಚ್ಚು ಎನ್‌ವಿಡಿಯಾ ಡ್ರೈವರ್‌ಗಳ ಖಾತೆಯಲ್ಲಿದ್ದವು. ಹೊಸ ಆಪರೇಟಿಂಗ್ ಸಿಸ್ಟಂಗಾಗಿ ಎಲ್ಲರೂ ಡ್ರೈವರ್‌ಗಳನ್ನು ಹೊಸದಾಗಿ ಬರೆಯಬೇಕಾಗಿದ್ದ ಕಾಲ ಅದು. ನನ್ನ ತೀರ್ಪಿಗೆ ಹೀಗೆ ಇತಿಹಾಸದ ಬೆಂಬಲವೂ ಇತ್ತು ಅನ್ನಿ.

ಹಾಗಾಗಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಡ್ರೈವರ್ ಅಪ್‌ಡೇಟ್ ಮಾಡಿದೆ. ಸೇಫ್ ಮೋಡ್‌ನಲ್ಲಿ ಬುಡಸಮೇತ ಕಿತ್ತು ಹೊಸದಾಗಿ ಹಾಕಿದೆ. ಹಳೆಯ ಆವೃತ್ತಿ ಹಾಕಿದೆ. ಕ್ರ್ಯಾಶ್ ಮಾತ್ರ ನಿಲ್ಲಲಿಲ್ಲ. ಆಗ ಯಾರೋ ಟಿಡಿಆರ್ ಎಂಬ ಮಂತ್ರ ಹೇಳಿಕೊಟ್ಟರು. ಗ್ರಾಫಿಕ್ಸ್ ಚಿಪ್‌ಗೆ ಕೊಟ್ಟ ಒಂದು ಕೆಲಸ ಎರಡು ಸೆಕೆಂಡ್ ಕಳೆದರೂ ಮುಗಿಯದಿದ್ದರೆ, ಅದು ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ವಿಂಡೋಸ್ ಚಿಪ್‌ ಅನ್ನು ರೀಸೆಟ್ ಮಾಡುತ್ತದೆ. ಸ್ಕ್ರೀನ್ ಒಮ್ಮೆ ಕಪ್ಪಾಗಿ ಬರುವುದು ಇದರಿಂದಲೇ. ಈ ವ್ಯವಸ್ಥೆ ಬಂದದ್ದೂ ವಿಸ್ತಾ ಕಾಲದಲ್ಲಿ. ರಿಜಿಸ್ಟ್ರಿಯಲ್ಲಿ ಆ ಎರಡು ಸೆಕೆಂಡ್‌ ಅನ್ನು ಹತ್ತು ಮಾಡಿದರೆ ಸರಿಹೋಗುತ್ತದೆ ಎಂದರು, ಮಾಡಿದೆ. ಮೊದಲು ಎರಡು ಸೆಕೆಂಡ್ ಹೆಪ್ಪುಗಟ್ಟುತ್ತಿದ್ದ ಸ್ಕ್ರೀನ್ ಈಗ ಹತ್ತು ಸೆಕೆಂಡ್ ಹೆಪ್ಪುಗಟ್ಟತೊಡಗಿತು. ಅಷ್ಟೇ ಲಾಭ!

ಆದರೆ ಆ ಹತ್ತು ಸೆಕೆಂಡ್ ಪೆಚ್ಚಾಗಿ ನೋಡುತ್ತ ಕೂತಾಗ ಒಂದು ಸಂಗತಿ ಹೊಳೆಯಿತು. ತೇರಿನ ದೀಪದ ಬೆಳಕು ಮೂಡಿಸಲು ನಾನೇ ಬರೆದ ಶೇಡರ್‌ನಲ್ಲಿ ಒಂದು ವೈಲ್ ಲೂಪ್ ಇತ್ತು. ದೀಪ ತೀರಾ ಹತ್ತಿರ ಬಂದಾಗ ಅದರ ಹೆಜ್ಜೆಯ ಅಳತೆ ಸೊನ್ನೆಯಾಗುತ್ತಿತ್ತು, ಅಂದರೆ ಲೂಪ್ ಮುಗಿಯುವುದೇ ಇಲ್ಲ. ಚಿಪ್ ನಿಜವಾಗಿಯೂ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹಗ್ಗ ಕಟ್ಟಿದವನು ನಾನೇ. ಲೂಪ್‌ಗೆ ಗರಿಷ್ಠ ಅರವತ್ತನಾಲ್ಕು ಸುತ್ತು ಎಂದು ಮಿತಿ ಹಾಕಿ, ರಿಜಿಸ್ಟ್ರಿಯನ್ನು ಮೊದಲಿನಂತೆಯೇ ಮಾಡಿದೆ. ದಿನಕ್ಕೆ ಹತ್ತಿಪ್ಪತ್ತು ಸಲ ಆಗುತ್ತಿದ್ದ ಕ್ರ್ಯಾಶ್ ಎರಡು ಮೂರಕ್ಕೆ ಇಳಿಯಿತು. ನಮ್ಮ ಗ್ಯಾಂಗ್ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ವಿಜಯೋತ್ಸವ ಆಚರಿಸಿತು. ಬಿಲ್ ನಾನೇ ಕೊಟ್ಟೆ.

ರೂಮಿಗೆ ವಾಪಸ್ ಬಂದು ತೇರು ಎಳೆದರೆ ಮತ್ತೆ ನೀಲಿ ಪರದೆ. ಕಾಯಿಲೆ ಎರಡು, ಲಕ್ಷಣ ಒಂದೇ. ಇಂಥದ್ದು ಬಂದರೆ ವೈದ್ಯರಿಗೂ ಕಷ್ಟವಂತೆ.

ಕೊನೆಗೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಹತ್ತು ನಿಮಿಷ ಆನ್ ಮಾಡಿ, ಹಿಂಬದಿ ಮುಟ್ಟಿ ನೋಡಿ, ‘ನೋಡಪ್ಪಾ, ಹೀಟ್ ಆಗಿ ಗ್ರಾಫಿಕ್ಸ್ ಚಿಪ್ ಹೊಡ್ಕೊಂಡಿದೆ. ಬೋರ್ಡೇ ಬದಲಾಯಿಸ್ಬೇಕು. ಹದಿನಾಲ್ಕು ಸಾವಿರ ಆಗುತ್ತೆ’ ಎಂದರು.

‘ಅಣ್ಣಾ, ಈ ಲ್ಯಾಪ್‌ಟಾಪ್ ತಗೊಂಡಿದ್ದೇ ಇಪ್ಪತ್ತೆರಡಕ್ಕೆ.’

‘ಹಂಗಾದ್ರೆ ಹಿಂಗೇ ಓಡ್ಸು, ಎಷ್ಟು ದಿನ ಓಡುತ್ತೋ ಅಷ್ಟು.’

ಅದು ಅಪ್ಪ ಎರಡು ಟ್ರಿಪ್ ಹೆಚ್ಚಿಗೆ ಹೊಡೆದು ಕೊಡಿಸಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಹದಿನಾಲ್ಕು ಸಾವಿರ ಕೇಳುವ ಧೈರ್ಯ ಬರಲಿಲ್ಲ. ಫೋನಿನಲ್ಲಿ ಬರೀ ‘ಡ್ರೈವರ್ ಕ್ರ್ಯಾಶ್ ಆಗ್ತಿದೆ ಅಪ್ಪ’ ಎಂದೆ. ಅತ್ತ ಕಡೆಯಿಂದ ನಗು. ‘ಆಕ್ಸಿಡೆಂಟ್ ಅಂದ್ರೆ ಎಲ್ರೂ ಮೊದ್ಲು ಡ್ರೈವರ್‌ನೇ ಹಿಡ್ಕೊಂಡು ಬಡಿಯೋದು ಕಣೋ. ರಸ್ತೇಲಿ ಗುಂಡಿ ಇತ್ತಾ ಅಂತ ಯಾವನೂ ನೋಡಲ್ಲ’ ಎಂದರು. ನಾನೂ ನಕ್ಕು ಫೋನ್ ಇಟ್ಟೆ.

ಇದಕ್ಕೂ ಒಂದು ವಾರ ಮೊದಲು ನಮ್ಮ ಮೇಡಂ ಒಂದು ಡೆಮೊ ತೋರಿಸಿದ್ದರು. 4096 ಸಾಲು, 4096 ಕಂಬಗಳ ಒಂದು ಅರೇ. ಅದರಲ್ಲಿರುವ ಸಂಖ್ಯೆಗಳನ್ನೆಲ್ಲ ಕೂಡಬೇಕು, ಒಟ್ಟು ಒಂದು ಕೋಟಿ ಅರವತ್ತೇಳು ಲಕ್ಷ ಚಿಲ್ಲರೆ. ಒಮ್ಮೆ ಸಾಲು ಸಾಲಾಗಿ ಕೂಡಿದರು, ಇನ್ನೊಮ್ಮೆ ಕಂಬ ಕಂಬವಾಗಿ. ಉತ್ತರ ಒಂದೇ, ಕೂಡುವ ಲೆಕ್ಕವೂ ಅಷ್ಟೇ. ಆದರೆ ಎರಡನೆಯದು ಹೆಚ್ಚುಕಡಿಮೆ ಹತ್ತು ಪಟ್ಟು ಸಮಯ ತೆಗೆದುಕೊಂಡಿತು. ಕ್ಲಾಸಿಗೆ ಕ್ಲಾಸೇ ಸುಮ್ಮನಾಯಿತು. ಇಂಟರ್‌ವ್ಯೂಗಳಲ್ಲಿ ಕೇಳುವ ಪ್ರಶ್ನೆ ಇದು, ಬರೆದುಕೊಳ್ಳಿ ಎಂದ ಮೇಲೆ ಪೆನ್ನುಗಳು ಓಡಿದವು.

ಕಾರಣ ತಿಳಿಯಲು ಅಡುಗೆಮನೆಗೆ ಹೋಗಬೇಕು. ಒಲೆಯ ಪಕ್ಕದ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ ಕೈಗೆ ಎಟುಕುವಂತಿರುತ್ತವೆ. ಅಲ್ಲಿಲ್ಲದ್ದು ಶೆಲ್ಫ್‌ನಲ್ಲಿ, ಅಲ್ಲೂ ಇಲ್ಲದ್ದು ಅಟ್ಟದ ಮೇಲೆ, ಎಲ್ಲೂ ಇಲ್ಲದಿದ್ದರೆ ಅಂಗಡಿಗೆ ಓಡಬೇಕು. ಪ್ರೊಸೆಸರ್‌ನ ಎಲ್1, ಎಲ್2, ಎಲ್3 ಎಂಬ ಕ್ಯಾಶ್‌ಗಳು ಡಬ್ಬಿ, ಶೆಲ್ಫ್ ಮತ್ತು ಅಟ್ಟ. ಅಂಗಡಿ ಅಂದರೆ ರ‍್ಯಾಮ್. ಡಬ್ಬಿಯಿಂದ ತೆಗೆಯಲು ನಾಲ್ಕೈದು ಸೈಕಲ್ ಸಾಕು, ಅಟ್ಟಕ್ಕೆ ನಲವತ್ತರ ಆಸುಪಾಸು, ಅಂಗಡಿಗೆ ಹೋಗಿಬರಲು ಇನ್ನೂರಕ್ಕೂ ಹೆಚ್ಚು. ಅಂಗಡಿಯವನು ಒಂದು ಏಲಕ್ಕಿ ಕೇಳಿದರೂ ಒಂದು ಪೊಟ್ಟಣವನ್ನೇ ಕೊಡುತ್ತಾನೆ. ಆ ಪೊಟ್ಟಣದ ಅಳತೆ 64 ಬೈಟ್, ಅಂದರೆ ಹದಿನಾರು ಪೂರ್ಣಾಂಕಗಳು. ಸಾಲು ಸಾಲಾಗಿ ಹೋದರೆ ಒಂದು ಪೊಟ್ಟಣ ಹದಿನಾರು ಸಲ ಕೆಲಸಕ್ಕೆ ಬರುತ್ತದೆ. ಕಂಬ ಕಂಬವಾಗಿ ಹೋದರೆ ಪ್ರತಿ ಏಲಕ್ಕಿಗೂ ಒಂದು ಪೊಟ್ಟಣ ತಂದು ಉಳಿದ ಹದಿನೈದನ್ನು ಎಸೆದ ಹಾಗೆ.

ಅಂಗಡಿಗೆ ಎಷ್ಟು ಸಲ ಓಡಿದೆ ಎಂಬ ಲೆಕ್ಕವನ್ನು ಪ್ರೊಸೆಸರ್ ತಾನೇ ಇಡುತ್ತದೆ ಎಂಬುದು ಆ ದಿನ ನನಗೆ ಸಿಕ್ಕ ಹೊಸ ವಿಷಯ. ಜಾತ್ರೆಯ ಗೇಟಿನಲ್ಲಿ ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು, ಒಬ್ಬೊಬ್ಬರು ಒಳಹೋದಾಗಲೂ ಟಕ್ ಎಂದು ಒತ್ತುತ್ತಾರಲ್ಲ, ಅಂಥ ಕೆಲವು ಯಂತ್ರಗಳು ಪ್ರೊಸೆಸರ್‌ನ ಪ್ರತಿ ಕೋರ್‌ನ ಒಳಗೂ ಇವೆ. ಅವೇ ಪರ್ಫಾರ್ಮೆನ್ಸ್ ಕೌಂಟರ್‌ಗಳು. ಯಾವುದನ್ನು ಎಣಿಸಬೇಕೆಂದು ಹೇಳಿಬಿಟ್ಟರೆ ಸಾಕು. ಎಷ್ಟು ಸೈಕಲ್, ಎಷ್ಟು ಇನ್‌ಸ್ಟ್ರಕ್ಷನ್, ಎಷ್ಟು ಸಲ ಕ್ಯಾಶ್‌ನಲ್ಲಿ ಸಿಗದೆ ರ‍್ಯಾಮ್‌ಗೆ ಹೋಗಬೇಕಾಯಿತು, ಎಲ್ಲವನ್ನೂ ಪ್ರೋಗ್ರಾಂನ ವೇಗಕ್ಕೆ ಹೆಚ್ಚು ಧಕ್ಕೆಯಾಗದಂತೆ ಎಣಿಸುತ್ತವೆ.

ಇವುಗಳ ಹಿಂದೆ ಒಂದು ಪತ್ತೇದಾರಿ ಕಥೆಯೂ ಇದೆ. 1993ರಲ್ಲಿ ಬಂದ ಇಂಟೆಲ್‌ನ ಪೆಂಟಿಯಂನಲ್ಲಿ ಇಂಥ ಎರಡು ಕೌಂಟರ್‌ಗಳಿದ್ದವು. ಆದರೆ ಅವನ್ನು ಬಳಸುವುದು ಹೇಗೆಂಬುದು ಕಂಪನಿಯೊಂದಿಗೆ ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ಗೊತ್ತಿತ್ತು. ನಾರ್ವೆಯ ಪ್ರೋಗ್ರಾಮರ್ ಟೆರ್ಯೆ ಮಾಥಿಸೆನ್ ತಾವೇ ಶೋಧಿಸಿ ಆ ಗುಟ್ಟನ್ನು 1994ರ ಜುಲೈ ತಿಂಗಳ ‘ಬೈಟ್’ ಪತ್ರಿಕೆಯಲ್ಲಿ ಬರೆದುಬಿಟ್ಟರು. ಈಗ ಗುಟ್ಟೇನೂ ಇಲ್ಲ. 2009ರಿಂದ ಲಿನಕ್ಸ್ ಕರ್ನಲ್ ಜೊತೆಗೇ ‘ಪರ್ಫ್’ ಎಂಬ ಸಾಧನ ಬರುತ್ತಿದೆ. ವಿಂಡೋಸ್‌ನಲ್ಲೇ ಇರುತ್ತೇನೆ ಎನ್ನುವವರಿಗೆ ಇಂಟೆಲ್‌ನ ವಿಟ್ಯೂನ್, ಎಎಂಡಿಯ ಯುಪ್ರಾಫ್ ಇವೆ. ಎಲ್ಲವೂ ಉಚಿತ.

ಇದೆಲ್ಲ ನನ್ನ ಕ್ರ್ಯಾಶ್‌ಗೆ ಹೇಗೆ ಸಂಬಂಧ ಎಂದು ಕೇಳಬಹುದು. ಅಂಗಡಿಯವರ ಮಾತಿನಲ್ಲಿ ಎರಡು ವಿಷಯ ಇದ್ದವು: ಬಿಸಿ ಮತ್ತು ಗ್ರಾಫಿಕ್ಸ್ ಚಿಪ್. ನನ್ನದು ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್. ಗ್ರಾಫಿಕ್ಸ್ ಭಾಗ ಪ್ರೊಸೆಸರ್ ಒಳಗೇ ಇದೆ, ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಎಲ್ಲದಕ್ಕೂ ನಮ್ಮ ಮಾಮೂಲಿ ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. ಸ್ಕ್ರೀನ್‌ನ ಒಂದು ಫುಲ್ ಎಚ್‌ಡಿ ಚಿತ್ರಕ್ಕೆ ಎಂಟು ಎಂಬಿ ಬೇಕು. ಸೆಕೆಂಡಿಗೆ ಅರವತ್ತು ಸಲ ಎಂದರೆ, ಬೇರೇನೂ ಮಾಡದೆ ಸುಮ್ಮನೆ ತೋರಿಸುವುದಕ್ಕೇ ಸುಮಾರು 500 ಎಂಬಿ ಓದಬೇಕು. ಹಾಗಾದರೆ ಕೆಟ್ಟಿರುವುದು ಚಿಪ್ಪೋ ರ‍್ಯಾಮೋ ಎಂದು ಬೇರ್ಪಡಿಸಿ ನೋಡುವುದು ಹೇಗೆ? ಗ್ರಾಫಿಕ್ಸನ್ನು ಮುಟ್ಟದೆ ರ‍್ಯಾಮ್‌ಗೆ ಮಾತ್ರ ಕೆಲಸ ಕೊಡುವ ಒಂದು ಪ್ರೋಗ್ರಾಂ, ರ‍್ಯಾಮ್‌ ಅನ್ನು ಮುಟ್ಟದೆ ಪ್ರೊಸೆಸರ್‌ಗೆ ಮಾತ್ರ ಬೆವರಿಳಿಸುವ ಇನ್ನೊಂದು ಪ್ರೋಗ್ರಾಂ ಬರೆದರೆ? ಅವು ನಿಜವಾಗಿ ಹಾಗೇ ನಡೆದುಕೊಳ್ಳುತ್ತಿವೆಯೋ ಇಲ್ಲವೋ ಎಂಬುದನ್ನು ಕೌಂಟರ್ ಹೇಳುತ್ತದಲ್ಲ!

ಮೊದಲು ವರ್ಚುವಲ್‌ಬಾಕ್ಸ್‌ನಲ್ಲಿದ್ದ ಉಬುಂಟುವಿನಲ್ಲಿ ಪರ್ಫ್ ಓಡಿಸಿದೆ. ಪ್ರತಿ ಸಾಲಿನ ಎದುರೂ ‘ನಾಟ್ ಸಪೋರ್ಟೆಡ್’ ಎಂದು ಬಂತು. ವರ್ಚುವಲ್ ಯಂತ್ರದ ಒಳಗಿಂದ ಅಸಲಿ ಕೌಂಟರ್‌ಗಳು ಸಾಮಾನ್ಯವಾಗಿ ಕಾಣುವುದಿಲ್ಲ ಎಂದು ತಿಳಿಯುವಷ್ಟರಲ್ಲಿ ಒಂದು ಸಂಜೆ ಹೋಯಿತು. ಪೆನ್‌ಡ್ರೈವ್‌ನಿಂದ ನೇರವಾಗಿ ಉಬುಂಟು ಬೂಟ್ ಮಾಡಿದ ಮೇಲೆ ಅಂಕಿಗಳು ಬಂದವು.

ಬರೆದದ್ದು ಒಂದೇ ಸಿ ಪ್ರೋಗ್ರಾಂ, ಅರೇಯ ಗಾತ್ರ ಮಾತ್ರ ಬೇರೆ. ಅರೇಯಲ್ಲಿ ಗೊತ್ತಿರುವ ಸಂಖ್ಯೆ ತುಂಬುವುದು, ಮತ್ತೆ ಓದಿ ಅದೇ ಇದೆಯೇ ಎಂದು ನೋಡುವುದು. ಒಂದರಲ್ಲಿ 2 ಎಂಬಿ ಅರೇ. ನನ್ನ ಪ್ರೊಸೆಸರ್‌ನ ಎಲ್3 ಕ್ಯಾಶ್ 6 ಎಂಬಿ, ಹಾಗಾಗಿ ಅದು ಅಟ್ಟದಲ್ಲೇ ಹಿಡಿಸುತ್ತದೆ. ಇನ್ನೊಂದರಲ್ಲಿ 3 ಜಿಬಿ. ಪ್ರತಿ ಓದಿಗೂ ಅಂಗಡಿಗೆ ಹೋಗಲೇಬೇಕು ಎಂದುಕೊಂಡೆ. ಆದರೆ ಪರ್ಫ್ ನೋಡಿದರೆ ದೊಡ್ಡದರಲ್ಲೂ ಮಿಸ್‌ಗಳು ಅಷ್ಟೇನೂ ಇಲ್ಲ! ನಾನು ಕ್ರಮವಾಗಿ ಓದುತ್ತಿದ್ದೆ. ಮುಂದೆ ಯಾವುದು ಬೇಕಾಗುತ್ತದೆಂದು ಪ್ರೊಸೆಸರ್ ಊಹಿಸಿ ಮೊದಲೇ ತಂದಿಟ್ಟುಕೊಳ್ಳುತ್ತಿತ್ತು. ಪ್ರಿಫೆಚ್ ಎಂದು ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್‌ಗೆ ಬರೆದಿದ್ದ ಸಂಗತಿ ಕಣ್ಣೆದುರು ಬಂದು ಕೂತಿತ್ತು. ಓದುವ ಜಾಗವನ್ನು ಅಡ್ಡಾದಿಡ್ಡಿ ಮಾಡಿದೆ. ಈಗ ಸರಿಹೋಯಿತು. ಚಿಕ್ಕ ಅರೇಯಲ್ಲಿ ಎಲ್3ಗೆ ಬಂದ ನೂರು ಬೇಡಿಕೆಗಳಲ್ಲಿ ಒಂದೂ ರ‍್ಯಾಮ್‌ಗೆ ಹೋಗುತ್ತಿರಲಿಲ್ಲ, ದೊಡ್ಡದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗುತ್ತಿದ್ದವು.

ನನಗೆ ಮೋಜೆನಿಸಿದ ಸಂಗತಿ ಬೇರೆಯೇ. ಸಿಪಿಯು ಬಳಕೆ ಎರಡಕ್ಕೂ ನೂರಕ್ಕೆ ನೂರು ಎಂದೇ ತೋರಿಸುತ್ತಿತ್ತು. ನಾವು ದಿನಾ ನೋಡುವ ಆ ‘100%’ ಎಂಬ ಅಂಕಿಗೆ ಕೆಲಸ ಮಾಡುವವನಿಗೂ ಅಂಗಡಿ ಎದುರು ಕ್ಯೂ ನಿಂತವನಿಗೂ ವ್ಯತ್ಯಾಸ ಗೊತ್ತಿಲ್ಲ. ಕೌಂಟರ್‌ಗೆ ಗೊತ್ತು. ಚಿಕ್ಕದರಲ್ಲಿ ಹೆಚ್ಚುಕಡಿಮೆ ಸೈಕಲ್‌ಗೊಂದು ಇನ್‌ಸ್ಟ್ರಕ್ಷನ್ ಮುಗಿಯುತ್ತಿದ್ದರೆ, ದೊಡ್ಡದರಲ್ಲಿ ಹತ್ತು ಸೈಕಲ್‌ಗೆ ಒಂದು. ಉಳಿದ ಹೊತ್ತೆಲ್ಲ ಪ್ರೊಸೆಸರ್ ಕೈಕಟ್ಟಿ ನಿಂತಿರುತ್ತಿತ್ತು. ಹಾಗೆ ನಿಂತಿದ್ದರಿಂದಲೇ ದೊಡ್ಡ ಪ್ರೋಗ್ರಾಂ ಓಡುವಾಗ ಯಂತ್ರ ಏಳೆಂಟು ಡಿಗ್ರಿ ತಣ್ಣಗಿರುತ್ತಿತ್ತು.

ರಾತ್ರಿ ಚಿಕ್ಕ ಪ್ರೋಗ್ರಾಂ ಬಿಟ್ಟು ಮಲಗಿದೆ. ಫ್ಯಾನ್ ಬೆಳಗಿನವರೆಗೂ ಅರಚಿತು. ರೂಮ್‌ಮೇಟ್ ಎರಡು ಸಲ ಎದ್ದು ‘ಲೇ ಮಗಾ, ಆಫ್ ಮಾಡೋ’ ಎಂದು ಬೈದ. ಬೆಳಿಗ್ಗೆ ನೋಡಿದರೆ ಒಂದೂ ತಪ್ಪಿಲ್ಲ. ಹಲ್ಲುಜ್ಜಿ ಬಂದು ದೊಡ್ಡದನ್ನು ಓಡಿಸಿದೆ. ಹನ್ನೊಂದನೇ ನಿಮಿಷಕ್ಕೆ ಒಂದು ಸಾಲು ಮೂಡಿತು: ಬರೆದದ್ದೊಂದು, ಓದಿದ್ದೊಂದು! ಬಿಸಿ ಹೆಚ್ಚಿದ್ದಾಗ ಏನೂ ಆಗದ ಯಂತ್ರ ತಣ್ಣಗಿದ್ದಾಗ ತಪ್ಪಿತು. ಅದೂ ಗ್ರಾಫಿಕ್ಸ್‌ನ ಗೊಡವೆಗೇ ಹೋಗದ ಪ್ರೋಗ್ರಾಂನಲ್ಲಿ. ರಸ್ತೆಯಲ್ಲೇ ಗುಂಡಿ ಇತ್ತು, ಅಪ್ಪ ನಗುತ್ತ ಹೇಳಿದ್ದು ಅದನ್ನೇ.

ಖಚಿತ ಮಾಡಿಕೊಳ್ಳಲು ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡಿದೆ. ಇದಕ್ಕೆ ವಿಂಡೋಸೂ ಬೇಡ, ಲಿನಕ್ಸೂ ಬೇಡ. ಮೆಮೊರಿಯ ಮೂಲೆಮೂಲೆಗೂ ನಾನಾ ವಿನ್ಯಾಸ ಬರೆದು ಓದುತ್ತದೆ. ಕೆಂಪು ಸಾಲುಗಳು ಬಂದವು. ಎಂಟು ‘ಎಫ್’ ಇರಬೇಕಾದ ಕಡೆ ಏಳು ‘ಎಫ್’, ಮಧ್ಯೆ ಒಂದು ‘ಇ’. ಅಂದರೆ ಮೂವತ್ತೆರಡು ಬಿಟ್‌ಗಳಲ್ಲಿ ಒಂದೇ ಒಂದು ಬಿಟ್, ಒಂದನ್ನು ಬರೆದರೂ ಸೊನ್ನೆ ಎಂದೇ ಓದುತ್ತಿತ್ತು. 4096ರ ಸ್ಥಾನದ ಬಿಟ್ ಅದು. ಆ ಜಾಗದಲ್ಲಿ 4101 ಎಂದು ಬರೆದಿಟ್ಟರೆ 5 ಎಂದು ಓದುತ್ತದೆ. ಮೊದಲ ದಿನ ಈವೆಂಟ್ ವ್ಯೂಯರ್‌ನಲ್ಲಿ ಕಂಡ ಸಂಖ್ಯೆಯೇ ಅದಾಗಿದ್ದು ಬರೀ ಕಾಕತಾಳೀಯ, ಆದರೂ ಒಂಟಿಯಾಗಿ ಕೂತು ನಕ್ಕಿದ್ದೇನೆ.

ಡ್ರೈವರ್ ಯಾಕೆ ಸಿಕ್ಕಿಬೀಳುತ್ತಿತ್ತು ಎಂಬುದು ಈಗ ಲೆಕ್ಕಕ್ಕೆ ಸಿಕ್ಕಿತು. ಮೊಬೈಲ್ ಫೋಟೊ ಫೈಲ್‌ನಲ್ಲಿ ನಾಲ್ಕೈದು ಎಂಬಿ ಇರಬಹುದು. ಟೆಕ್ಸ್ಚರ್ ಆಗಿ ಬಿಚ್ಚಿದಾಗ 4000 ಗುಣಿಸು 3000 ಪಿಕ್ಸೆಲ್, ಒಂದಕ್ಕೆ ನಾಲ್ಕು ಬೈಟ್, ಒಟ್ಟು 48 ಎಂಬಿ. ಇಪ್ಪತ್ತು ಫೋಟೊಗೆ ಹತ್ತಿರ ಹತ್ತಿರ ಒಂದು ಜಿಬಿ. ನಾಲ್ಕು ಟ್ಯಾಬ್ ತೆರೆದು ನೋಟ್ಸ್ ಓದುವಾಗ ಯಂತ್ರ ಮುಟ್ಟದೇ ಇದ್ದ ಆ ಗುಂಡಿಯ ತನಕ ಮೆಮೊರಿ ತುಂಬುತ್ತಿದ್ದದ್ದು ತೇರು ಎಳೆಯುವಾಗ ಮಾತ್ರ. ಕೆಟ್ಟ ಬಿಟ್ ಮೇಲೆ ಚಿತ್ರದ ಪಿಕ್ಸೆಲ್ ಬಂದು ಕೂತರೆ ಬಣ್ಣದ ಒಂದು ಚುಕ್ಕಿ ಕಾಣುತ್ತದೆ ಅಷ್ಟೇ. ತೇರಿನ ಮೇಲೆ ಹಸಿರು ಚುಕ್ಕಿಗಳನ್ನು ನಾನು ಕಂಡಿದ್ದೆ, ಹಳೆಯ ಬಣ್ಣ ಇರಬೇಕೆಂದು ಬಿಟ್ಟಿದ್ದೆ. ಅದೇ ಜಾಗದಲ್ಲಿ ಡ್ರೈವರ್‌ನ ಒಂದು ವಿಳಾಸವೋ ಚಿಪ್‌ಗೆ ಹೋಗಬೇಕಾದ ಆಜ್ಞೆಯೋ ಕೂತರೆ, ಡ್ರೈವರ್ ಹೋಗಬಾರದ ಕಡೆ ಹೋಗಿ ಬೀಳುತ್ತದೆ. ಬಿದ್ದವನ ಹೆಸರೇ ಡೈರಿಯಲ್ಲಿ ದಾಖಲಾಗುವುದು.

ರ‍್ಯಾಮ್ ಕೆಡುವುದು ಲಕ್ಷಕ್ಕೊಂದು ಎಂದುಕೊಂಡಿದ್ದೆ. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ತಪ್ಪು ಕಂಡಿತ್ತು. ಅಲ್ಲಿ ತಪ್ಪನ್ನು ಹಿಡಿದು ತಿದ್ದುವ ಇಸಿಸಿ ಮೆಮೊರಿ ಇರುತ್ತದೆ. ನಮ್ಮ ನಿಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ತಪ್ಪಾದರೆ ಹೇಳುವವರೂ ಇಲ್ಲ.

ಹಾಗೆಂದು ಡ್ರೈವರ್‌ಗಳೆಲ್ಲ ಸತ್ಯಹರಿಶ್ಚಂದ್ರರು ಅಂತೇನೂ ಅಲ್ಲ. ನನ್ನ ಕಥೆ ಕೇಳಿದ ಗೆಳೆಯನೊಬ್ಬ ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ‘ನಂದೂ ರ‍್ಯಾಮ್ ಹೋಗಿದೆ ಮಗಾ’ ಎಂದು ತೀರ್ಪು ಸಮೇತ. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿದರೂ ತಪ್ಪಿಲ್ಲ. ಈವೆಂಟ್ ವ್ಯೂಯರ್‌ನಲ್ಲಿ ಮೊದಲ ಕ್ರ್ಯಾಶ್ ಯಾವತ್ತಾಯಿತು ಎಂದು ನೋಡಿದರೆ, ಅದರ ಹಿಂದಿನ ದಿನ ಡ್ರೈವರ್ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಒತ್ತಿದೆವು, ಸರಿಹೋಯಿತು. ಎರಡು ನಿಮಿಷದ ಕೆಲಸ. ಮೊದಲು ತಾರೀಖು ನೋಡಬೇಕಿತ್ತು, ನಾವು ನೋಡಿದ್ದು ಕೊನೆಗೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿಯ ಎರಡು ಪಟ್ಟಿಗಳಿದ್ದವು. ಹಿಂಬದಿ ಬಿಚ್ಚಿ, ಒಂದೊಂದನ್ನೇ ಹಾಕಿ ಮೆಮ್‌ಟೆಸ್ಟ್ ಓಡಿಸಿದೆ. ಸ್ಲಾಟ್ ಅದಲು ಬದಲು ಮಾಡಿದೆ. ತಪ್ಪು ಒಂದೇ ಪಟ್ಟಿಯ ಬೆನ್ನು ಹತ್ತಿ ಹೋಯಿತು. ಅದನ್ನು ತೆಗೆದಿಟ್ಟೆ. ಮೂರು ದಿನ ಒಂದೂ ಕ್ರ್ಯಾಶ್ ಇಲ್ಲ. ಹದಿನಾಲ್ಕು ಸಾವಿರ ಉಳಿಯಿತು.

ಆದರೆ ತೇರು ಕುಂಟತೊಡಗಿತು! ಮೊದಲು ಸೆಕೆಂಡಿಗೆ ನಲವತ್ತು ಫ್ರೇಮ್ ಬರುತ್ತಿದ್ದದ್ದು ಇಪ್ಪತ್ತಾರಕ್ಕೆ ಇಳಿಯಿತು. ಮತ್ತೆ ಕೌಂಟರ್‌ಗಳ ಬಳಿ ಹೋದೆ. ಕೋರ್‌ನ ಒಳಗಷ್ಟೇ ಅಲ್ಲ, ಮೆಮೊರಿ ಕಂಟ್ರೋಲರ್‌ನಲ್ಲೂ ಕೌಂಟರ್‌ಗಳಿವೆ. ರ‍್ಯಾಮ್‌ನಿಂದ ಸೆಕೆಂಡಿಗೆ ಎಷ್ಟು ದತ್ತಾಂಶ ಬಂತೆಂದು ಅವು ಹೇಳುತ್ತವೆ. ಒಂದು ಪಟ್ಟಿ ಇದ್ದಾಗ ಎಷ್ಟೇ ಒದ್ದಾಡಿದರೂ ಹದಿನೈದು ಜಿಬಿ ದಾಟುತ್ತಿರಲಿಲ್ಲ. ಡಿಡಿಆರ್4-2400 ಪಟ್ಟಿಯೊಂದರ ಗರಿಷ್ಠ ಸಾಮರ್ಥ್ಯವೇ 19.2 ಜಿಬಿ. ಎರಡು ಪಟ್ಟಿ ಇದ್ದರೆ ಎರಡು ಚಾನೆಲ್, ಅಂದರೆ 38.4. ಗ್ರಾಫಿಕ್ಸೂ ಪ್ರೊಸೆಸರೂ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದವು. ಗೇಮ್ ಆಡುವವರು ಇದನ್ನು ಗಮನಿಸಬೇಕು. ಬೇರೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿಯ ಒಂದು ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿ ವೇಗ. ಕೊಳ್ಳುವಾಗ ಒಟ್ಟು ಎಷ್ಟು ಜಿಬಿ ಎಂದಷ್ಟೇ ಕೇಳುತ್ತೇವೆ, ಎಷ್ಟು ಪಟ್ಟಿ ಎಂದು ಕೇಳುವುದಿಲ್ಲ.

ಭಾನುವಾರ ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ಹಳೆಯ 4 ಜಿಬಿ ಪಟ್ಟಿ ಒಂಬೈನೂರಕ್ಕೆ ಸಿಕ್ಕಿತು. ಮೆಮ್‌ಟೆಸ್ಟ್ ಪೆನ್‌ಡ್ರೈವ್ ಜೇಬಿನಲ್ಲೇ ಇತ್ತು. ‘ಅಣ್ಣಾ, ಇಲ್ಲೇ ಒಂದು ರೌಂಡ್ ಟೆಸ್ಟ್ ಮಾಡ್ಕೋತೀನಿ’ ಎಂದಾಗ ಅಂಗಡಿಯ ಅಣ್ಣ ವಿಚಿತ್ರವಾಗಿ ನೋಡಿದರು, ಆಮೇಲೆ ಸ್ಟೂಲ್ ಕೊಟ್ಟು ಟೀ ತರಿಸಿದರು. ಒಂದು ಸುತ್ತು ಮುಗಿಯುವ ತನಕ ಇಬ್ಬರೂ ಕೂತು ಸ್ಕ್ರೀನ್ ನೋಡಿದೆವು. ಕೆಂಪು ಸಾಲು ಬರಲಿಲ್ಲ.

ಡೆಮೊ ದಿನ ತೇರು ರಥಬೀದಿಯ ತುದಿಯವರೆಗೆ ನಲವತ್ತು ಫ್ರೇಮ್‌ಗಳಲ್ಲಿ ಸರಾಗವಾಗಿ ಉರುಳಿತು. ಹಸಿರು ಚುಕ್ಕಿ ಒಂದೂ ಇರಲಿಲ್ಲ. ಎಕ್ಸ್‌ಟರ್ನಲ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ಕ್ಯಾಶ್ ಮಿಸ್, ಟಿಡಿಆರ್, ಚಾನೆಲ್ ಎಂದು ಉತ್ತರಗಳನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ನಿಂತಿದ್ದೆ.

‘ಬ್ರೆಸೆನ್‌ಹ್ಯಾಮ್ ಲೈನ್ ಡ್ರಾಯಿಂಗ್ ಅಲ್ಗಾರಿದಮ್ ಹೇಳಿ’ ಎಂದರು.

ಅದನ್ನು ಓದಿರಲಿಲ್ಲ.